ಬುವ್ವತ್ತೆಯ ಬಗ್ಗೆ ಒಂದು ಮಾತು

ಆ ಹೆಸರಿಟ್ಟವರು ಮಕ್ಕಳು. ತಂದೆತಾಯಿ ಕೆಲಸಕ್ಕೆ ಹೋಗುವಾಗ ಮಕ್ಕಳನ್ನು ಬಿಟ್ಟುಹೋಗುವ ಒಂದು ಶಿಶುಮಂದಿರದಲ್ಲಿ ಅವಳು ಆಯಾ. ಉಣ್ಣಲೊಲ್ಲದ ಮಗು ಯಾವುದೇ ಇರಲಿ, ಅದನ್ನು ತಂದು ಅವಳ ಮಡಿಲಿಗೆ ಹಾಕುತ್ತಿದ್ದರು. ಬಾಯಿ ಬಿಗಿಹಿಡಿದು ಕತ್ತು ಹೊರಳಿಸುವ ಹಟಮಾರಿಗಳೂ ಅವಳ ಕೈತುತ್ತಿಗೆ ಹಕ್ಕಿಮರಿಯ ಹಾಗೆ ಬಾಯಿ ತೆರೆಯುತ್ತಿದ್ದವು. ಅದರಲ್ಲಿ ಮಂತ್ರತಂತ್ರವೇನೂ ಇರಲಿಲ್ಲ. ಮಗು ಬಾಯಿ ತೆರೆಯುವ ತನಕ ಅವಳು ಕಾಯುತ್ತಿದ್ದಳು, ಅಷ್ಟೇ. ಮಾತು ಕಲಿಯುವ ಮೊದಲು ಅವು ಅವಳನ್ನು ಕಂಡು 'ಬುವ್ವ' ಎನ್ನುತ್ತಿದ್ದವು, ಕಲಿತ ಮೇಲೆ 'ಬುವ್ವತ್ತೆ' ಎಂದವು. ದೊಡ್ಡವರ ಬಾಯಲ್ಲೂ ಅದೇ ನಿಂತಿತು.

ಶಿಶುಮಂದಿರದ ಒಡತಿಗೆ ಎಲ್ಲರೂ ಮೇಡಂ ಎನ್ನುತ್ತಿದ್ದರು. ಬೆಣ್ಣೆಯಂಥ ಮಾತು. ಬೈಯುವುದಿದ್ದರೂ ಬೆನ್ನು ಸವರಿಯೇ ಬೈಯುವವಳು. ಎಷ್ಟೋ ವರ್ಷ ದುಡಿದ ಮೇಲೆ ಬುವ್ವತ್ತೆ, ತನ್ನ ಮನೆಯ ಹತ್ತಿರ ಇನ್ನೊಂದು ಶಿಶುಮಂದಿರ ತೆರೆದಿದೆ, ಅಲ್ಲಿ ಸೇರುತ್ತೇನೆ ಎಂದಾಗಲೂ ಮೇಡಂ ಮುಖ ಗಂಟಿಕ್ಕಲಿಲ್ಲ.

"ಧಾರಾಳವಾಗಿ ಹೋಗಮ್ಮ. ಯಾರು ಕೇಳಿದ್ರೂ ನಿನ್ನ ಬಗ್ಗೆ ನಾನೊಂದು ಮಾತು ಹೇಳ್ತೀನಿ" ಎಂದಳು.

ಹೊಸ ಜಾಗದವರಿಗೆ ಅವಳು ತುಂಬ ಹಿಡಿಸಿದಳು. ತೊಟ್ಟಿಲುಗಳ ಕೋಣೆಯನ್ನೂ ತೋರಿಸಿ, "ಸೋಮವಾರದಿಂದ ಬಂದ್ಬಿಡಿ. ಹಳೇ ಕಡೆ ಒಂದು ಮಾತು ಕೇಳ್ತೀವಿ, ಅದು ಸುಮ್ನೆ ಶಾಸ್ತ್ರಕ್ಕೆ" ಎಂದರು. ಸೋಮವಾರ ಒಗೆದ ಸೀರೆ ಉಟ್ಟು ಹೋದವಳನ್ನು ಕಾವಲಿನವನು ಗೇಟಿನಲ್ಲೇ ನಿಲ್ಲಿಸಿ, ಜಾಗ ಭರ್ತಿಯಾಗಿದೆ ಎಂದ. ಎರಡನೆಯ ಕಡೆ, ಹೇಳಿ ಕಳಿಸುತ್ತೇವೆ ಎಂದವರು ಹೇಳಿಯೂ ಕಳಿಸಲಿಲ್ಲ, ಫೋನೂ ಎತ್ತಲಿಲ್ಲ. ಮೂರನೆಯ ಕಡೆಯ ಹೆಂಗಸು ಗ್ರಿಲ್ಲಿನ ಬೀಗ ತೆಗೆಯದೆ ಒಳಗಿನಿಂದಲೇ ಮಾತಾಡಿದಳು. ಮಾತಾಡುವಷ್ಟು ಹೊತ್ತೂ ಆಕೆ ಬುವ್ವತ್ತೆಯ ಮುಖ ನೋಡಲಿಲ್ಲ, ಕೈಗಳನ್ನು ನೋಡುತ್ತಿದ್ದಳು.

ಇದರಲ್ಲೇನೋ ಇದೆ ಎಂದು ಮೊದಲು ಮೂಗಿಗೆ ವಾಸನೆ ಬಡಿದದ್ದು ನಾದಿನಿಗೆ. ಗಂಡನ ತಂಗಿ ಅವಳು, ಪಕ್ಕದ ಬೀದಿಯಲ್ಲೇ ಮನೆ, ಔಷಧಿ ಅಂಗಡಿಯಲ್ಲಿ ಕೆಲಸ. ಹೆರಿಗೆಯ ರಜೆ ಮುಗಿಯುತ್ತ ಬಂದಿತ್ತು. ಅತ್ತಿಗೆಗೆ ಬೇರೆ ಕೆಲಸ ಸಿಗುವ ತನಕ ಕೂಸನ್ನು ಅವಳ ಕೈಗೊಪ್ಪಿಸಿ ಕೆಲಸಕ್ಕೆ ಹೋಗುವುದೆಂದು ಆಗಲೇ ಮಾತಾಗಿತ್ತು.

"ಅತ್ತಿಗೆ, ನಿಮ್ಮ ಮೇಡಂಗೆ ನಾನೇ ಕೆಲಸ ಕೊಡೋಳ ಥರ ಫೋನ್ ಮಾಡ್ತೀನಿ. ಅವಳ ಹೊಟ್ಟೇಲಿ ಏನಿದೆ ನೋಡೇಬಿಡೋಣ" ಎಂದಳು.

ಭಾನುವಾರ ಊಟವಾದ ಮೇಲೆ ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದಳು. ಪಂಪು ರಿಪೇರಿ ಮಾಡುವ ಬುವ್ವತ್ತೆಯ ಗಂಡ ಬಾಗಿಲಿಗೆ ಒರಗಿ ನಿಂತ. ಅತ್ತೆ ಮೈಯೆಲ್ಲ ಕಿವಿಯಾಗಿ ಕೂತರು.

"ಹೌದು, ನಮ್ಮಲ್ಲೇ ಇದ್ಲು" ಎಂದಿತು ಮೇಡಂ ದನಿ. "ಕೆಲಸದಲ್ಲಿ ಚುರುಕು. ಚೊಕ್ಕಟ. ಆದ್ರೆ... ಬೇಡ ಬಿಡಿ. ಒಬ್ಬರ ಅನ್ನಕ್ಕೆ ಕಲ್ಲು ಹಾಕೋದು ನಂಗಿಷ್ಟ ಇಲ್ಲ."

"ಪರವಾಗಿಲ್ಲ, ಹೇಳಿ. ಮಕ್ಕಳ ವಿಷಯ ನೋಡಿ" ಎಂದಳು ನಾದಿನಿ.

ಆ ಕಡೆಯಿಂದ ಒಂದು ನಿಟ್ಟುಸಿರು. "ಅದಕ್ಕೇ ಹೇಳ್ಬೇಕಾಗಿದೆ. ಒಂದು ಮಗೂನ ತೋಳಿನ ಮೇಲೆ ಗುರುತು ಬಿದ್ದಿತ್ತು. ಇವಳೇ ಮಾಡಿದ್ಲು ಅಂತ ನಾನು ಅನ್ನಲ್ಲ, ಕಣ್ಣಾರೆ ಕಂಡಿಲ್ಲ. ಆದ್ರೆ ಆ ಹೊತ್ತಲ್ಲಿ ಮಗು ಇವಳ ಹತ್ರಾನೇ ಇತ್ತು. ನಿಮ್ಮ ಮಕ್ಕಳು, ನಿಮ್ಮಿಷ್ಟ."

ಫೋನು ಇಟ್ಟಮೇಲೆ ಬುವ್ವತ್ತೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಇನ್ನೊಂದು ಮಗು ಕಚ್ಚಿದ ಗುರುತು ಅದು. ಮಂಜುಗಡ್ಡೆ ಒತ್ತಿದವಳು ತಾನು. ಬಾಯಿ ಬಿಡಬೇಡ ಎಂದು ಮೇಡಂ ಕಣ್ಸನ್ನೆ ಮಾಡಿದರೂ ಸಂಜೆ ತಾಯಿಗೆ ಇದ್ದದ್ದು ಇದ್ದ ಹಾಗೆ ಹೇಳಿದವಳೂ ತಾನೇ.

"ಬೆಂಕಿ ಇಲ್ದೆ ಹೊಗೆ ಆಡುತ್ತಾ" ಎಂದರು ಅತ್ತೆ, ಯಾರಿಗೋ ಹೇಳಿದ ಹಾಗೆ.

"ಅಮ್ಮ, ನೀನು ಸುಮ್ನಿರು" ಎಂದ ಗಂಡ. ಹೆಂಡತಿಯ ಕಡೆ ತಿರುಗಿಯೂ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

"ಬಿಡಿ ಅತ್ತಿಗೆ, ಎಲುಬಿಲ್ಲದ ನಾಲಿಗೆ ಆ ಮೇಡಂದು" ಎಂದು ನಾದಿನಿ ಕೂಸನ್ನೆತ್ತಿಕೊಂಡು ಒಳಕೋಣೆಗೆ ಹೋದಳು. ಒಣಗಿದ ಬಟ್ಟೆ ಕೊಡಲೆಂದು ಹಿಂದೆಯೇ ಹೋದ ಬುವ್ವತ್ತೆ ಬಾಗಿಲಲ್ಲೇ ನಿಂತಳು. ನಾದಿನಿ ಕಿಟಕಿಯ ಬೆಳಕಿಗೆ ಕೂಸನ್ನು ಹಿಡಿದು, ಅಂಗಿಯ ತೋಳು ಮೇಲೆ ಸರಿಸಿ, ಒಂದೊಂದೇ ಕೈಯನ್ನು ತಿರುಗಿಸಿ ನೋಡುತ್ತಿದ್ದಳು. ಅತ್ತಿಗೆಯನ್ನು ಕಂಡದ್ದೇ ತೋಳು ಕೆಳಗೆಳೆದಳು.

"ಸೊಳ್ಳೆ ಕಚ್ಚಿದೆಯೇನೋ ಅಂತ."

ಮಾರನೆಯ ದಿನ ನಾದಿನಿ ಕೆಲಸಕ್ಕೆ ಹೋದಳು, ಕೂಸು ಮಾತ್ರ ಬರಲಿಲ್ಲ. "ನಮ್ಮತ್ತೆ ತಾವೇ ನೋಡ್ಕೋತೀನಿ ಅಂದ್ರು" ಎಂದು ಸುದ್ದಿ ಬಂತು. ನಾದಿನಿಯ ಆ ಅತ್ತೆಗೆ ಸೊಂಟನೋವು, ಬಗ್ಗಿ ಕೊಡ ಎತ್ತಲಾರದ ಹೆಂಗಸು.

ಕಚ್ಚಿಸಿಕೊಂಡ ಮಗುವಿನ ತಾಯಿ ಬಟ್ಟೆ ಅಂಗಡಿಯಲ್ಲಿ ಇರುವುದು ಬುವ್ವತ್ತೆಗೆ ಗೊತ್ತಿತ್ತು. ಹೊಸ ಕಡೆಯವರಿಗೆ ಆಕೆ ಒಂದು ಮಾತು ಹೇಳಿದರೆ ಸಾಕೆಂದು ಹೋದಳು. ಆಕೆ ಬಟ್ಟೆಯ ಥಾನುಗಳ ಮರೆಗೆ ಕರೆದುಕೊಂಡು ಹೋಗಿ ಕೈ ಹಿಡಿದುಕೊಂಡಳು.

"ನಂಗೊತ್ತಿಲ್ವಾ ಬುವ್ವತ್ತೆ? ತಪ್ಪೆಲ್ಲ ನಮ್ಮದೇ. ನೀವು ಹೋದಲ್ಲಿಗೇ ನಮ್ಮ ಮಕ್ಕಳನ್ನೂ ಹಾಕ್ತೀವಿ ಅಂತ ನಾವು ಎರಡು ಮೂರು ಜನ ಮೇಡಂ ಮುಂದೇನೇ ಅಂದ್ಬಿಟ್ವಿ. ಅದಕ್ಕೇ ಅವರಿಗೆ ಹೊಟ್ಟೆಗೆ ಬೆಂಕಿ ಬಿದ್ದಿದ್ದು."

"ಹಾಗಿದ್ರೆ ನೀವೊಂದು ಮಾತು..."

"ನನ್ನ ಚಿಕ್ಕದೂ ಈಗ ಅಲ್ಲೇ ಇದೆ. ನಾಳೆ ಅವರು ಬೇಡ ಅಂದ್ರೆ ಎಲ್ಲಿ ಬಿಡ್ಲಿ ಹೇಳಿ? ನೀವೇ ಅರ್ಥ ಮಾಡ್ಕೋಬೇಕು." ಕಣ್ಣೊರೆಸಿಕೊಂಡು ಆಕೆ ಗಿರಾಕಿಯ ಕಡೆ ಹೊರಟಳು. ಅರ್ಥ ಮಾಡಿಕೊಳ್ಳಬೇಕಾದವರು ಯಾವಾಗಲೂ ಕಳೆದುಕೊಂಡವರೇ.

ಬುವ್ವತ್ತೆ ಅಲ್ಲಿಂದ ನೇರ ಹೋಗಿ ಮೇಡಂ ಎದುರಿಗೆ ನಿಂತು, ನನ್ನ ಮೇಲೆ ಯಾಕೆ ಹಾಗೆ ಹೇಳಿದಿರಿ ಎಂದಳು. ಮಕ್ಕಳು ನಿದ್ದೆಯಿಂದ ಏಳುತ್ತಿದ್ದ ಹೊತ್ತು.

"ನಾನೇನು ಸುಳ್ಳು ಹೇಳಿದ್ನಾ? ಗುರುತು ಇತ್ತೋ ಇಲ್ವೋ?" ಎಂದು ಕೇಳಿದಳು ಮೇಡಂ, ದನಿ ಒಂದಿಷ್ಟೂ ಏರಿಸದೆ.

"ಇತ್ತು."

"ನೀನು ಮಾಡಿದ್ದು ಅಂದ್ನಾ?"

"ಇಲ್ಲ. ಆದ್ರೆ..."

"ಮತ್ತೆ? ಈ 'ಆದ್ರೆ' ನಿಂದು, ನಂದಲ್ಲ." ಮೇಡಂ ನಕ್ಕಳು. "ಬೇಕಿದ್ರೆ ನಾಳೆಯಿಂದಲೇ ಬಾ. ಮಕ್ಕಳನ್ನ ಮುಟ್ಟೋ ಹಾಗಿಲ್ಲ, ಜನ ಆಡ್ಕೋತಾರೆ. ನೆಲ ಒರೆಸು, ಬಟ್ಟೆ ಒಗಿ. ನಿನ್ನ ಹೊಟ್ಟೆ ಮೇಲೆ ಹೊಡೆಯೋಕೆ ನನಗೂ ಮನಸ್ಸಿಲ್ಲ."

ಅಷ್ಟರಲ್ಲಿ ಒಂದು ಪುಟ್ಟ ಹುಡುಗಿ ಕಣ್ಣುಜ್ಜುತ್ತ ಬಂತು. ಹಲ್ಲು ಮೂಡುವ ಮೊದಲಿನಿಂದ ಬುವ್ವತ್ತೆಯ ಮಡಿಲಲ್ಲಿ ಉಂಡ ಮಗು. ಬುವ್ವತ್ತೆ ಕೂತು ಎರಡೂ ಕೈ ಚಾಚಿದಳು. ಅವಳು ಕೆಲಸ ಬಿಟ್ಟು ಕೆಲವು ತಿಂಗಳಾಗಿತ್ತು, ಮಕ್ಕಳಿಗೆ ಅಷ್ಟೆಂದರೆ ಒಂದು ಜನ್ಮ. ಹುಡುಗಿ ಅವಳನ್ನು ಒಂದು ಗಳಿಗೆ ದಿಟ್ಟಿಸಿ, ಕಿಟಾರನೆ ಕಿರುಚಿ, ಮೇಡಂ ಸೀರೆಯ ನೆರಿಗೆಯಲ್ಲಿ ಮುಖ ಮುಚ್ಚಿಕೊಂಡಿತು.

"ನೋಡಿದ್ಯಾ" ಎಂದಳು ಮೇಡಂ, ಮಗುವಿನ ತಲೆ ಸವರುತ್ತ. "ಮಕ್ಕಳಿಗೆ ಎಲ್ಲಾ ಗೊತ್ತಾಗುತ್ತೆ."

ಆಮೇಲೆ ಅವಳು ಮಕ್ಕಳ ಕೆಲಸ ಹುಡುಕಲಿಲ್ಲ. ಊರಾಚೆ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಹೆಂಗಸರು ಬೇಕೆಂದು ಕೇಳಿ ಹೋದಳು. ಕದ್ದುಮುಚ್ಚಿ ಮಾಡಿದರೆ ತಾನೇ ತಾಪತ್ರಯ ಎಂದುಕೊಂಡು, ಸೊಂಟಕ್ಕೆ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡಿದ್ದ ಮೇಲ್ವಿಚಾರಕನಿಗೆ ತಾನೇ ಮೊದಲು ಹೇಳಿದಳು: "ಹಿಂದಿನ ಕಡೆ ಕೇಳಿದ್ರೆ ನನ್ನ ಬಗ್ಗೆ ಕೆಟ್ಟದ್ದು ಹೇಳ್ತಾರೆ ಸಾರ್. ಮಗೂನ ಮೈಮೇಲೆ ಗುರುತು ಬಿದ್ದಿತ್ತು ಅಂತಾರೆ. ಅದು..."

"ಇರ್ಲಿ ಬಿಡಮ್ಮ" ಎಂದ ಅವನು. "ಮಕ್ಕಳಿಗೆ ಗುರುತಾದ್ರೆ ತಾಯಂದಿರು ಕೇಳ್ಕೊಂಡು ಬರ್ತಾರೆ. ಇಲ್ಲಿರೋರ ಮೈ ಯಾರು ನೋಡ್ಬೇಕು? ನಾಳೆ ಬಾ."

ಅದು ನಿಜವೋ ಸುಳ್ಳೋ ಎಂದು ಕೂಡ ಅವನು ಕೇಳಲಿಲ್ಲ.

ಅಲ್ಲೂ ಉಣ್ಣಿಸುವ ಕೆಲಸವೇ ಬಂತು. ಮುದುಕರೂ ಬಾಯಿ ಬಿಗಿಹಿಡಿಯುತ್ತಿದ್ದರು. ಅವಳು ಚಮಚ ಹಿಡಿದು ಕಾಯುತ್ತ ಕೂತಳು. ಹಜಾರದ ಉದ್ದಕ್ಕೂ ಮಂಚಗಳು, ಉಣ್ಣಿಸುವವರು ಇಬ್ಬರೇ. ಜೊತೆಯವಳು ನಾಲ್ಕು ಮಂಚ ಮುಗಿಸಿದರೂ ಇವಳು ಮೊದಲಿನದರಲ್ಲೇ ಇದ್ದಳು. "ಹೀಗೆ ಕಾದ್ರೆ ಹೊತ್ತು ಮುಳುಗುತ್ತೆ ಕಣೇ. ಮೂಗು ಹಿಡಿ, ಬಾಯಿ ತಾನೇ ತೆರೆಯುತ್ತೆ" ಎಂದು ಅವಳು ಮಾಡಿ ತೋರಿಸಿದಳು. ಮೊದಮೊದಲು ಬುವ್ವತ್ತೆಗೆ ಕೈ ಏಳಲಿಲ್ಲ. ಆಮೇಲೆ ಎದ್ದಿತು. ಕೆಮ್ಮಿ ಉಗುಳಿದ ಮುದುಕಿಯ ತೋಳನ್ನು ಒಂದು ದಿನ ಎಷ್ಟು ಒತ್ತಿ ಹಿಡಿದಳೆಂದರೆ, ಕೈ ಬಿಟ್ಟಾಗ ಬೆರಳುಗಳ ಅಚ್ಚು ಕಂಡಿತು. ಮುದುಕಿ ದೂರಲಿಲ್ಲ. ದೂರಿದರೂ ಕೇಳುವವರು ಇರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ನಾದಿನಿ ಮನೆಗೆ ಬಂದಳು. ಅವಳ ಅತ್ತೆಯ ಸೊಂಟ ಪೂರಾ ಹಿಡಿದುಕೊಂಡಿತ್ತು. ನಿಂತ ನಿಲುವಿನಲ್ಲೇ ಕೇಳಿದಳು:

"ಅತ್ತಿಗೆ, ನೀವು ಮಧ್ಯಾಹ್ನ ಮನೆಗೆ ಬಂದ್ಬಿಡ್ತೀರಲ್ಲ. ಸಂಜೆ ತನಕ ಇವನನ್ನ ನೋಡ್ಕೋತೀರಾ? ಅವತ್ತಿಂದು ಮನಸ್ಸಲ್ಲಿ ಇಟ್ಕೋಬೇಡಿ."

ಕೂಸು ಆಗಲೇ ತಾಯಿಯ ಹೆಗಲಿನಿಂದ ಇವಳ ಕಡೆ ಬಾಗುತ್ತಿತ್ತು.

"ಬೇಡಮ್ಮ" ಎಂದಳು ಬುವ್ವತ್ತೆ. "ನನ್ನ ಕೈ ಸರಿ ಇಲ್ಲ."

ನಾದಿನಿಯ ಮುಖ ಕಪ್ಪಿಟ್ಟಿತು. "ಕೊಟ್ರಲ್ಲ ಏಟು" ಎಂದು ಬಿರಬಿರನೆ ಇಳಿದು ಹೋದಳು. ಅಷ್ಟು ಹಟ ಒಳ್ಳೆಯದಲ್ಲ ಎಂದ ಗಂಡ. ಹಾವಿನ ಹಗೆ ಎಂದರು ಅತ್ತೆ. ಚುಚ್ಚಲೆಂದೇ ಅವಳು ಹಾಗಂದಳೆಂದು ಮನೆಯವರೆಲ್ಲ ತಿಳಿದರು. ಅವಳು ತಿದ್ದಲು ಹೋಗಲಿಲ್ಲ.

ಹತ್ತಿರದ ಶಿಶುಮಂದಿರದಲ್ಲಿ ಜಾಗ ಸಿಗದೆ ನಾದಿನಿ ಕೂಸನ್ನು ಕೊನೆಗೆ ಮೇಡಂ ಬಳಿಯೇ ಸೇರಿಸಿದಳು. ದೂರವಾದರೂ ಚಿಂತೆಯಿಲ್ಲ, ಮಕ್ಕಳ ವಿಷಯದಲ್ಲಿ ಆಕೆ ಏನನ್ನೂ ಮುಚ್ಚಿಡುವವಳಲ್ಲ ಎಂದು ಅಕ್ಕಪಕ್ಕದವರ ಹತ್ತಿರ ಹೇಳಿಕೊಂಡಳು.