ಆನೆಯ ಬಾಯಿಗೆ ಕೊಟ್ಟ ರಾಣಿ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಎಕ್ಸ್‌ರೇ ಅಕ್ಕ ಎಂದೇ ಕರೆಯುತ್ತಿದ್ದರು. ಬೆಳಗಿನಿಂದ ‘ಉಸಿರು ಹಿಡ್ಕೊಳ್ಳಿ, ಈಗ ಬಿಡಿ’ ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡು ಮನೆಗೆ ಬಂದರೆ, ಮಾವ ಕಿಟಕಿಯ ಪಕ್ಕ ಚೆಸ್ ಹಲಗೆ ಹಾಕಿಕೊಂಡು ಕಾಯುತ್ತಿರುತ್ತಿದ್ದರು. ಮದುವೆಯಾದ ಹೊಸದರಲ್ಲಿ, ಮಾತಿಗೆ ತಡಕಾಡುತ್ತಿದ್ದ ಸೊಸೆಗೆ ಆಟ ಕಲಿಸಿದವರು ಅವರೇ. ಬಡಗಿಯಾಗಿ ದುಡಿದ ಜೀವ. ಸೊಟ್ಟ ಮೊಳೆಯನ್ನೂ ನೆಟ್ಟಗೆ ಮಾಡಿ ಎತ್ತಿಡುವವರು. ಆಟದಲ್ಲೂ ಅದೇ ಬುದ್ಧಿ. ರಾಣಿಯನ್ನಂತೂ ಕಣ್ಣಿನ ರೆಪ್ಪೆಯಂತೆ ಕಾಯುತ್ತಿದ್ದರು. ರಾಣಿ ಹೋದ ಮೇಲೆ ಆಡುವುದೆಂದರೆ ಹಲ್ಲು ಬಿದ್ದ ಮೇಲೆ ಕಡಲೆ ಅಗಿದ ಹಾಗೆ ಎನ್ನುತ್ತಿದ್ದರು.

ಹೋದ ವರ್ಷ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಮಾತು ಕಡಿಮೆಯಾಯಿತು. ಒಮ್ಮೊಮ್ಮೆ ಮಗನನ್ನೇ ತಮ್ಮನ ಹೆಸರಿನಿಂದ ಕರೆಯುತ್ತಿದ್ದರು. ಇನ್ನೆಷ್ಟು ಮರೆಯುತ್ತಾರೋ ಎಂಬ ಅಳುಕು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಒಂದು ಸಂಜೆ ಮಾವ ಪೇಪರಿನಲ್ಲಿ ಬಂದ ಚೆಸ್ ಒಗಟೊಂದನ್ನು ಜೋಡಿಸಿಟ್ಟಿದ್ದರು. ಬಿಳಿ ತಮ್ಮದು, ಎರಡೇ ನಡೆಯಲ್ಲಿ ಗೆಲ್ಲಬೇಕು ಎಂದರು. ಅವಳ ಕಡೆ ರಾಣಿ, ಎರಡು ಆನೆ. ಮಾವನಿಗಿದ್ದದ್ದು ರಾಣಿ ಮತ್ತು ಒಂದು ಕುದುರೆ.

ಮಾವ ಎಡಗೈಯಿಂದ ರಾಣಿಯನ್ನೆತ್ತಿ, ಮೂಲೆಯಲ್ಲಿದ್ದ ಅವಳ ರಾಜನಿಗೂ ಆನೆಗೂ ನಡುವಿನ ಖಾಲಿ ಮನೆಯಲ್ಲಿ ಇಟ್ಟುಬಿಟ್ಟರು.

ಮೊಳೆ ಬಿಸಾಡದ ಮನುಷ್ಯ ರಾಣಿಯನ್ನು ಆನೆಯ ಬಾಯಿಗೆ ಕೊಡುವುದೆಂದರೇನು? ಮನಸ್ಸು ಜಾರಿಯೇ ಹೋಯಿತೇ?

“ಮಾವ, ಅಲ್ಲಿ ಬೇಡ. ಆನೆ ಹೊಡೆಯುತ್ತೆ,” ಎಂದಳು.

“ಹೊಡಿ.”

ರಾಜನಿಂದಲೇ ಹೊಡೆಯೋಣವೆಂದರೆ ಆ ಮನೆಗೆ ಕುದುರೆಯ ಕಾವಲು. ವಿಧಿಯಿಲ್ಲದೆ ಆನೆಯಿಂದಲೇ ಹೊಡೆದಳು. ಮಾವ ಕುದುರೆಯನ್ನು ಹಾರಿಸಿದರು.

ಚೆಕ್. ರಾಜನನ್ನು ಸರಿಸಲು ಹೋದ ಬೆರಳು ಅಲ್ಲೇ ನಿಂತಿತು. ಮುಂದೆ ತನ್ನದೇ ಕಾಲಾಳುಗಳು, ಪಕ್ಕದಲ್ಲಿ ರಾಣಿಯನ್ನು ನುಂಗಿ ಬಂದು ಕೂತ ತನ್ನದೇ ಆನೆ. ಉಸಿರಾಡಲೂ ಜಾಗವಿಲ್ಲ. ಕುದುರೆಯನ್ನು ಹೊಡೆಯುವವರೂ ಇಲ್ಲ. ಆಟ ಮುಗಿದಿತ್ತು. ಅವಳು ಕಾಯಿಗಳನ್ನು ಹಿಂದಕ್ಕಿಟ್ಟು ಮತ್ತೆ ನಡೆಸಿದಳು, ಮತ್ತೊಮ್ಮೆ ನಡೆಸಿದಳು. ಎಲ್ಲೂ ಮೋಸವಿರಲಿಲ್ಲ. ಮಾವನ ಮುಖ ನೋಡಿದಳು. ಮತ್ತೆ ಹಲಗೆ ನೋಡಿದಳು.

“ನಾನೂ ಬೆಳಗ್ಗೆಯಿಂದ ಹೀಗೇ ಕೂತಿದ್ದೀನಮ್ಮ,” ಎಂದರು ಮಾವ, ಒಂದೊಂದೇ ಮಾತು ಹುಡುಕಿಕೊಂಡು. “ಇಷ್ಟು ವರ್ಷ ರಾಣೀನ ಬಚ್ಚಿಟ್ಕೊಂಡು ಏನು ಆಟ ಆಡಿದೆ ನಾನು?”

ಕೆಲಸ ಮುಗಿಸಿ ಬಂದ ಗಂಡನನ್ನು ಅವಳು ಬಾಗಿಲಿನಿಂದಲೇ ಎಳೆದು ತಂದು ಕೂರಿಸಿ ತೋರಿಸಿದಳು. ಆಟದ ಗಂಧಗಾಳಿಯಿಲ್ಲದ ಅವನು, ರಾಣಿ ಸತ್ತರೂ ಗೆದ್ದ ಹಾಗಾ ಎಂದು ಕೇಳಿದ.

ಮರುದಿನ ಮಾವ ಹಿಂದುಮುಂದು ನೋಡದೆ ರಾಣಿಯನ್ನು ಕೊಟ್ಟು ಹೀನಾಯವಾಗಿ ಸೋತರು. ಅವಳಿಗೆ ಗಾಬರಿಯಾಗಲಿಲ್ಲ. ಮಾವ ಹಲಗೆಯನ್ನೇ ದಿಟ್ಟಿಸುತ್ತಾ, ಕುದುರೆ ಒಂದು ಮನೆ ಹತ್ತಿರ ಇರಬೇಕಿತ್ತು ಎಂದು ಗೊಣಗುತ್ತಿದ್ದರು.