ಮುಟ್ಟಿತಾ?

ಕಾರ್ಕಳದ ಆಸ್ಪತ್ರೆಯೊಂದರಲ್ಲಿ ರೋಗಿಗಳ ದಾಖಲೆಗಳನ್ನು ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಸಾಗಿಸುವ ಪುಷ್ಪಾವತಿಯಕ್ಕನ ಬಾಯಲ್ಲಿ ಸದಾ ಒಂದೇ ಪ್ರಶ್ನೆ: “ಮುಟ್ಟಿತಾ?” ನೆಂಟರು ಬಸ್ಸು ಹತ್ತಿ ಹೋದರೆ, ‘ಮುಟ್ಟಿದೆವು’ ಎಂಬ ಫೋನು ಬರುವ ತನಕ ಅಕ್ಕ ಮನೆಯ ಜಗಲಿಯನ್ನೂ ಗುಡಿಸುವವರಲ್ಲ. “ಸೇರಿತು ಅಂತ ಕಂಪ್ಯೂಟರೇ ಹೇಳ್ತದಲ್ವಾ ಅಕ್ಕ, ಹಳೇದನ್ನು ಅಳಿಸಿ ಮಾರಾಯ್ರೆ!” ಎಂದು ಜೊತೆಗಾರ ಶೆಲ್ಡನ್ ಅವಸರಪಡಿಸಿದರೆ, “ಬಸ್ಸು ಹೊರಟದ್ದನ್ನು ಕಂಡಕ್ಟರ್ ಹೇಳಿಯಾನು, ಮುಟ್ಟಿದ್ದನ್ನು ಹೋದವರೇ ಹೇಳ್ಬೇಕು” ಎನ್ನುತ್ತ ಹೊಸದರಲ್ಲಿ ಒಂದೊಂದೇ ದಾಖಲೆಯನ್ನು ತೆರೆದು ಓದುವರು. ಮೊನ್ನೆ ಬಜಗೋಳಿಯ ಅಜ್ಜಿಯೊಬ್ಬರ ಹೆಸರು, ವಯಸ್ಸು ಎಲ್ಲವೂ ಬಂದಿದ್ದವು. ‘ಪೆನಿಸಿಲಿನ್ ಕೊಡಬಾರದು’ ಎಂಬ ಸಾಲು ಮಾತ್ರ ಹಳೆಯದರಲ್ಲೇ ಉಳಿದಿತ್ತು. ಶೆಲ್ಡನ್ ಮೌಸಿನಿಂದ ಕೈ ತೆಗೆದ. ಅಕ್ಕ ಆ ಸಾಲನ್ನು ಹೊಸದರಲ್ಲಿ ಸೇರಿಸಿ, ಮುಚ್ಚಿ, ಮತ್ತೆ ತೆರೆದು ಗಟ್ಟಿಯಾಗಿ ಓದಿದರು. “ಹಾಂ, ಅಜ್ಜಿ ಮುಟ್ಟಿದರು. ಇನ್ನು ಹಳೇದನ್ನು ಗುಡಿಸುವ.”