ಮೊದಲು ಪೂಜೆ, ಆಮೇಲೆ ಖರೀದಿ

ನಮ್ಮ ಯಜಮಾನರು ಸಿಡ್ನಿಯ ನಾರ್ವೆಸ್ಟಿನ ಒಂದು ಆಫೀಸಿಗೆ ಇಪ್ಪತ್ತೆರಡು ವರ್ಷ ಹೋಗಿಬಂದರು. ಗಿರಾವೀನಿನ ನಮ್ಮ ಮನೆಯಿಂದ ಅಲ್ಲಿಗೆ, ಅಲ್ಲಿಂದ ಮನೆಗೆ. ಈ ದೇಶದಲ್ಲಿ ತಾನು ಸರಿಯಾಗಿ ನೋಡಿದ್ದು ಆ ಒಂದು ರಸ್ತೆ ಮಾತ್ರ ಎಂದು ಅವರಿಗೆ ಹೊಳೆದದ್ದು ನಿವೃತ್ತಿಯಾದ ಮರುದಿನ ಬೆಳಿಗ್ಗೆ, ಚಹಾ ಕುಡಿಯುವಾಗ. ಅವತ್ತಿನಿಂದ ಅಡುಗೆಮನೆಯ ಮೇಜೇ ಅವರ ಆಫೀಸಾಯಿತು. ಲ್ಯಾಪ್‌ಟಾಪ್ ತೆರೆದು ಹಳೆಯ ಮೋಟರ್‌ಹೋಮ್‌ಗಳ ಜಾಹೀರಾತು ಹುಡುಕುವುದೇ ಕೆಲಸ. ಹಾಸಿಗೆ, ಒಲೆ, ಫ್ರಿಜ್ಜು, ಒಬ್ಬರು ನಿಲ್ಲುವಷ್ಟು ಬಚ್ಚಲು, ಎಲ್ಲವನ್ನೂ ಹೊಟ್ಟೆಯೊಳಗಿಟ್ಟುಕೊಂಡು ಓಡುವ ವ್ಯಾನು ಅದು. ಹೊಸದು ನಮ್ಮ ಕೈಗೆ ನಿಲುಕುವಂಥದ್ದಲ್ಲ. ಯಾರೋ ತಿರುಗಾಡಿ ಮುಗಿಸಿ ಮಾರುವುದನ್ನು ಕೊಳ್ಳಬೇಕು.

ಮಗಳಿಗೆ ಇದು ಹಿಡಿಸಲಿಲ್ಲ. ಅವಳು ದಿ ಪಾಂಡ್ಸ್ ಎಂಬ ಬಡಾವಣೆಯಲ್ಲಿದ್ದಾಳೆ, ಭಾನುವಾರ ಊಟಕ್ಕೆ ಬರುತ್ತಾಳೆ.

"ಅಪ್ಪಾ, ಅಷ್ಟು ದೂರಕ್ಕೆ ಒಬ್ಬರೇ ಡ್ರೈವರ್ ಸೇಫ್ ಅಲ್ಲ. ಅಮ್ಮ ಮೋಟರ್‌ವೇನೇ ಹತ್ತಲ್ಲ."

"ಅಜ್ಜಿ ಓನ್ಲಿ ಡ್ರೈವ್ಸ್ ಟು ದ ಟೆಂಪಲ್," ಎಂದ ಏಳು ವರ್ಷದ ಮೊಮ್ಮಗ, ಚಪಾತಿಯಿಂದ ತಲೆ ಎತ್ತದೆ.

ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ನನಗೆ ಲೈಸೆನ್ಸ್ ಬಂದು ಹದಿನೆಂಟು ವರ್ಷವಾಗಿದೆ. ನನ್ನ ಪುಟ್ಟ ಕಾರಿನಲ್ಲಿ ದೇವಸ್ಥಾನ, ತರಕಾರಿ ಅಂಗಡಿ, ಲೈಬ್ರರಿ, ಹೆಚ್ಚೆಂದರೆ ಹತ್ತಿರದ ಪ್ಯಾರಮ್ಯಾಟ. ದೊಡ್ಡ ರಸ್ತೆಗಳು ಇವರವು. ಹಾಗೆಂದು ಯಾರೂ ಬರೆದುಕೊಟ್ಟಿರಲಿಲ್ಲ. ನಾನು ಓಡಿಸುವಾಗ ಇವರು ಪಕ್ಕದಲ್ಲಿ ಕೂತರೆ ಇವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತದೆ, ಬಾಯಿ "ಸಾವಕಾಶ, ಸಾವಕಾಶ" ಎನ್ನುತ್ತಿರುತ್ತದೆ. ಅದನ್ನು ಕೇಳುವುದಕ್ಕಿಂತ ಸ್ಟೀರಿಂಗ್ ಅವರಿಗೇ ಬಿಟ್ಟು ಕಿಟಕಿಯ ಹೊರಗೆ ನೋಡುವುದು ನನಗೆ ಸುಲಭವಾಗಿತ್ತು. ಹೀಗೇ ವರ್ಷಗಳು ಕಳೆದವು.

ಒಂದು ಸೋಮವಾರ ಇವರು ನನ್ನನ್ನು ಕರೆದು ಮೆಲ್ಬರ್ನಿನ ಒಂದು ಜಾಹೀರಾತು ಓದಿ ಹೇಳಿದರು. ಬಿಳಿ ಗಾಡಿ, ಆಟೊಮ್ಯಾಟಿಕ್, ಒಬ್ಬರೇ ಮಾಲೀಕರು, ಚೆನ್ನಾಗಿ ನೋಡಿಕೊಂಡದ್ದು. ಮಾರುವವರು ಎಂಬತ್ತು ದಾಟಿದ ಹೆಂಗಸು. ಓದುವಾಗ ಇವರ ಮುಖ ಹೇಗಿತ್ತೆಂದರೆ, ಧಾರವಾಡದಲ್ಲಿ ಮೊದಲ ಸ್ಕೂಟರಿಗೆ ನಂಬರು ಹಚ್ಚಿ ಕಾಯುತ್ತಿದ್ದಾಗಿನ ಮುಖವೇ ಮತ್ತೆ ಬಂದಂತಿತ್ತು. ಎಲ್ಲವನ್ನೂ ಓದಿದರು, ಕೊನೆಯ ಸಾಲೊಂದನ್ನು ಬಿಟ್ಟು.

ನಾನು ಧಾರವಾಡದ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ನಮ್ಮ ಕಸೂತಿಯ ಮುಂಭಾಗವನ್ನು ನೋಡುತ್ತಲೇ ಇರಲಿಲ್ಲ. ಬಟ್ಟೆಯನ್ನು ತಿರುವಿ, ಹಿಂದಿನ ಗಂಟುಗಳನ್ನು ನೋಡಿ ಅಂಕ ಹಾಕುತ್ತಿದ್ದರು. ಆ ಅಭ್ಯಾಸ ನನಗೂ ಉಳಿದುಬಿಟ್ಟಿದೆ. ಇವರು ಸ್ನಾನಕ್ಕೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಆ ಜಾಹೀರಾತಿನ ಕೊನೆಗೆ ಹೋದೆ. "ದಂಪತಿಗಳಿಗೆ ಮಾರುವುದಾದರೆ, ಇಬ್ಬರೂ ಓಡಿಸುವವರಾಗಿದ್ದರೆ ಮಾತ್ರ" ಎಂದಿತ್ತು.

ನಾನು ಕೇಳಲಿಲ್ಲ, ಇವರೂ ಹೇಳಲಿಲ್ಲ. ಗುರುವಾರ ಸಂಜೆಯ ವಿಮಾನಕ್ಕೆ ಟಿಕೆಟ್ ಬುಕ್ ಮಾಡಿದೆವು. ನಾನು ಬ್ಯಾಗಿನಲ್ಲಿ ಒಂದು ತೆಂಗಿನಕಾಯಿ, ಊದಿನಕಡ್ಡಿ, ಕರ್ಪೂರ, ಅರಿಶಿನ, ಆರತಿ ತಟ್ಟೆ, ಬೆಳ್ಳಿಯ ಕುಂಕುಮದ ಭರಣಿ ಇಟ್ಟುಕೊಂಡೆ. ಸಿಡ್ನಿ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ತೆಂಗಿನಕಾಯಿಯನ್ನು ಎರಡು ಕೈಯಲ್ಲಿ ಹಿಡಿದು, ಕಿವಿಯ ಹತ್ತಿರ ಅಲ್ಲಾಡಿಸಿ, ಹಿಂದಕ್ಕೆ ಕೊಟ್ಟಳು. ಕರ್ಪೂರವನ್ನು ಇಟ್ಟುಕೊಂಡಳು.

ಮರುದಿನ ರೈಲು ಹಿಡಿದು ಮೆಲ್ಬರ್ನಿನ ಪೂರ್ವಕ್ಕೆ, ಹಳಿ ಮುಗಿಯುವ ಲಿಲಿಡೇಲಿಗೆ ಹೋದೆವು. ಗಾಡಿ ಮಾರುವ ಅಜ್ಜಿಯ ಮನೆ ಮುಟ್ಟುವಾಗ ಹತ್ತು ಗಂಟೆ. ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು. ನಮ್ಮ ಅತ್ತೆಯವರದ್ದು ಒಂದು ಮಾತಿತ್ತು: ಪೂಜೆಯಾಗದೆ ಗಾಲಿ ಹೊರಳಬಾರದು. ಗಾಡಿಯನ್ನು ಓಡಿಸಿ ನೋಡದೆ ಕೊಳ್ಳುವ ಹಾಗಿಲ್ಲ, ಪೂಜೆ ಮಾಡದೆ ಓಡಿಸುವ ಹಾಗಿಲ್ಲ. ಹಾಗಾಗಿ ಗೇಟಿನ ಹತ್ತಿರ ನಮಸ್ಕಾರ ಹೇಳಿದ ಐದನೆಯ ನಿಮಿಷಕ್ಕೆ ಇವರು, "ಮೇಡಂ, ನಾವು ಮೊದಲು ಒಂದು ಸಣ್ಣ ಪ್ರಾರ್ಥನೆ ಮಾಡಬಹುದೆ?" ಎಂದು ಕೇಳಿಬಿಟ್ಟರು.

ಅಜ್ಜಿ ಕೈದೋಟದ ಕೈಗವಸು ಬಿಚ್ಚುತ್ತಾ, "ಗಾಡಿಗೇನಾದರೂ ಕಾಯಿಲೆಯೆ?" ಎಂದರು.

ಕರ್ಪೂರದ ಕೊರತೆಗೆ ಅವರೇ ಹುಟ್ಟುಹಬ್ಬದ ಕೇಕಿನ ಮೇಲಿಡುವ ಸಣ್ಣ ಮೇಣದ ಬತ್ತಿ ತಂದುಕೊಟ್ಟರು. ನಿಂಬೆಹಣ್ಣು ಮರೆತುಬಂದಿದ್ದೆ. ಅವರ ಹಿತ್ತಲಿನ ಮರದಲ್ಲಿ ಬೇಕಾದಷ್ಟಿತ್ತು, ನಾಲ್ಕು ಕಿತ್ತುಕೊಟ್ಟರು. ನಾನು ಗಾಡಿಯ ಮುಖಕ್ಕೆ ಅರಿಶಿನ ಕುಂಕುಮ ಹಚ್ಚಿದೆ. ನಾಲ್ಕು ಗಾಲಿಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟೆ. ಇವರು ತೆಂಗಿನಕಾಯಿಯನ್ನು ರಸ್ತೆಯಂಚಿನ ಕಲ್ಲಿಗೆ ಒಡೆದರು. ಒಂದು ಚೂರು ಹಾರಿ ಪಕ್ಕದ ಮನೆಯ ಬೆಕ್ಕಿನ ಮುಂದೆ ಬಿತ್ತು. ಎಲ್ಲ ಮುಗಿದಾಗ ಹತ್ತು ಇಪ್ಪತ್ತೈದು.

ಆಮೇಲೆ ಇವರು ಪರೀಕ್ಷಿಸಬೇಕಾದ್ದರ ಪಟ್ಟಿ ಹಿಡಿದು ಗಾಡಿಯ ಕೆಳಗೆ ತೂರಿದರು. ನಾನು ಒಳಗೆ ಹತ್ತಿದೆ. ಆರತಿಯ ತಟ್ಟೆ, ಕುಂಕುಮದ ಭರಣಿಯನ್ನು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟು ಒಂದೊಂದೇ ಬಾಗಿಲು ತೆರೆದು ನೋಡಿದೆ. ಕಿಟಕಿಯ ಪರದೆಗಳ ಅಂಚನ್ನು ಕೈಯಲ್ಲೇ ಹೊಲಿದಿದ್ದರು. ತಿರುವಿ ನೋಡಿದರೆ ಒಂದೂ ಗಂಟು ಕಾಣದು. ಗಾಡಿ ಓಡುವಾಗ ಸದ್ದಾಗದಂತೆ ಚಮಚಗಳನ್ನು ಟೀ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದರು. ಹಾಸಿಗೆಯ ತಲೆದೆಸೆಯ ಮೂಲೆಗೆ ಕೈ ಒತ್ತಿ ನೋಡಿದೆ, ತೇವವಿರಲಿಲ್ಲ. ಕಪಾಟಿನ ಬಾಗಿಲಿನ ಒಳಮೈಯಲ್ಲಿ ಒಂದು ಚೀಟಿ ಅಂಟಿಸಿತ್ತು: ಹೊರಡುವ ಮುನ್ನ ಗ್ಯಾಸ್ ಬಂದ್, ಮೆಟ್ಟಿಲು ಒಳಗೆ, ಕೆಟಲ್ ಸಿಂಕಿನಲ್ಲಿ. ಅದರ ಮೊದಲಿನ ಸಾಲುಗಳು ಗಂಡಸಿನ ಅಕ್ಷರ, ಉಳಿದವು ಹೆಂಗಸಿನ ಅಕ್ಷರ.

ನನಗೆ ಈ ಗಾಡಿ ಬೇಕು ಎಂದು ಆ ಕ್ಷಣಕ್ಕೆ ಅನ್ನಿಸಿತು. ಅಲ್ಲಿಯವರೆಗೆ ಅದು ಇವರ ಆಸೆಯಾಗಿತ್ತು.

ಕೆಳಗಿಳಿದಾಗ ಅಜ್ಜಿ ಕೇಳಿದರು, "ಸರಿ, ಜಾಹೀರಾತಿನ ಕೊನೆಯ ಸಾಲು ಓದಿದ್ದೀರಲ್ಲ? ಇಬ್ಬರೂ ಓಡಿಸುತ್ತೀರಿ ತಾನೆ?"

ಇವರು ಕೈಯೊರೆಸಿಕೊಳ್ಳುತ್ತಾ ನನ್ನ ಕಡೆ ನೋಡದೆ, "ಅವಳಿಗೂ ಲೈಸೆನ್ಸ್ ಇದೆ, ಮೇಡಂ," ಎಂದರು.

"ಲೈಸೆನ್ಸ್ ಕೇಳಲಿಲ್ಲ."

ಇವರು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ನಿನಗ ಹೇಳಬೇಕಂತಿದ್ದೆ," ಎಂದರು.

"ನಾ ಓದೀನ್ರಿ ಅದನ್ನ. ಸೋಮವಾರನ ಓದೀನಿ."

"ಓದಿ ಸುಮ್ಮನಿದ್ದಿ?"

"ನೀವೂ ಸುಮ್ಮನಿದ್ರಲ್ಲ."

ಕೆಂಪು ಬೊಟ್ಟು ಹೊತ್ತ ಗಾಡಿ ನಮ್ಮಿಬ್ಬರನ್ನೂ ನೋಡುತ್ತಾ ನಿಂತಿತ್ತು. ಪೂಜೆ ಮಾಡಿದ ಗಾಡಿಯನ್ನು ಬಿಟ್ಟುಹೋಗುವುದೆಂದರೆ ಅರಿಶಿನ ಹಚ್ಚಿದ ಮೇಲೆ ಮದುವೆ ಮುರಿದಂತೆ. ನಮ್ಮದಲ್ಲದ ಗಾಡಿಗೆ ಪೂಜೆ ಮಾಡಿದ ಜನ ಜಗತ್ತಿನಲ್ಲಿ ನಾವಿಬ್ಬರೇ ಇರಬೇಕು.

ಅಜ್ಜಿ ನಮ್ಮನ್ನು ಮೆಟ್ಟಿಲ ಮೇಲೆ ಕೂರಿಸಿ ಕಾರಣ ಹೇಳಿದರು. ಎಷ್ಟೋ ವರ್ಷದ ಹಿಂದೆ, ಬ್ರೋಕನ್ ಹಿಲ್ ಎಂಬ ಒಳನಾಡಿನ ಊರು ದಾಟಿದ ಮೇಲೆ, ಗಾಡಿ ಓಡಿಸುತ್ತಿದ್ದ ಗಂಡನ ಎಡಗೈ ಸ್ಟೀರಿಂಗ್ ಮೇಲಿಂದ ಜಾರಿತಂತೆ. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದರು, ಆಮೇಲೆ ಮಾತೂ ನಿಂತಿತು. ಫೋನಿಗೆ ಸಿಗ್ನಲ್ ಇಲ್ಲ. ಅಜ್ಜಿಗೆ ಓಡಿಸಲು ಬಾರದು. ಲಾರಿಯೊಂದು ಬರುವವರೆಗೆ ಎರಡು ಗಂಟೆ, ಅವರ ಕೈ ಹಿಡಿದು, ಕೀಲಿ ನೋಡುತ್ತಾ ಕೂತಿದ್ದರು. ಗಂಡ ಬದುಕಿದರು. ಅಜ್ಜಿ ಅರವತ್ತೇಳನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತರು.

"ಅದಾದ ಮೇಲೂ ಹನ್ನೊಂದು ವರ್ಷ ತಿರುಗಿದೆವು, ಲವ್," ಎಂದರು, ಇಲ್ಲಿಯ ಹಿರಿಯರು ಅಕ್ಕರೆಯಿಂದ ಕರೆಯುವ ಹಾಗೆ. "ಅವನು ಕಿಟಕಿ ನೋಡಿದ, ನಾನು ರಸ್ತೆ ನೋಡಿದೆ. ಒಳ್ಳೆಯ ವರ್ಷಗಳು. ಆದರೆ ಆ ಎರಡು ಗಂಟೆಯನ್ನು ಈ ಗಾಡಿಯ ಜೊತೆ ಇನ್ನೊಬ್ಬಳಿಗೆ ಮಾರಲು ನನಗೆ ಮನಸ್ಸಿಲ್ಲ."

ಆಮೇಲೆ ಎದ್ದು, ಕೀಲಿಯನ್ನು ನನ್ನ ಕೈಗಿಟ್ಟರು.

ಇವರು ಗಡಿಯಾರ ನೋಡಿ, "ರಾಹುಕಾಲ..." ಎಂದರು.

"ಪೂಜಾ ಆಗೇದಲ್ರಿ," ಎಂದೆ ನಾನು. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ.

ಇವರು ಪಕ್ಕದ ಸೀಟಿಗೆ ಹತ್ತಲು ಹೊರಟರು. ಅಜ್ಜಿ ತಡೆದು ಗ್ಯಾರೇಜಿನಿಂದ ಒಂದು ಪೊರಕೆ ತಂದುಕೊಟ್ಟರು. "ನೀವು ತೆಂಗಿನಕಾಯಿ ಗುಡಿಸಿ," ಎಂದು ತಾವೇ ಆ ಸೀಟಿಗೆ ಹತ್ತಿದರು.

ಸೀಟು ನಮ್ಮ ಊಟದ ಮೇಜಿಗಿಂತ ಎತ್ತರದಲ್ಲಿತ್ತು. ಸೀರೆಯ ಸೆರಗಿಗೆ ಅಂಗೈ ಒರೆಸಿಕೊಂಡು, ಮೂರೂ ಕನ್ನಡಿಗಳನ್ನು ಸರಿಮಾಡಿ, ಮೆಲ್ಲಗೆ ಬ್ರೇಕಿನಿಂದ ಕಾಲು ತೆಗೆದೆ. ಗಾಲಿಗಳ ಕೆಳಗೆ ನಿಂಬೆಹಣ್ಣು ಒಡೆದ ಸದ್ದು ಒಂದೊಂದಾಗಿ ಕೇಳಿತು. ನಮ್ಮ ಮನೆಗಳಲ್ಲಿ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸುವುದು ಯಾವಾಗಲೂ ಗಂಡಸರೇ. ನಾವು ಆರತಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲುವವರು. ಕನ್ನಡಿಯಲ್ಲಿ ಇವರು ಪೊರಕೆ ಹಿಡಿದು ನಿಂತದ್ದು ಕಂಡಿತು.

ಮೊದಲ ತಿರುವಿನಲ್ಲೇ ಹಿಂದೆ ಏನೋ ಬಿದ್ದ ಸದ್ದು. ಕುಂಕುಮದ ಭರಣಿ. ಚೀಟಿಯಲ್ಲಿ ಕೆಟಲ್ ಇತ್ತು, ಭರಣಿ ಇರಲಿಲ್ಲ. ಕೆನೆ ಬಣ್ಣದ ಸೀಟಿನ ಮೇಲೆಲ್ಲ ಕೆಂಪು. ನಾನು ಗಾಬರಿಯಿಂದ "ಸಾರಿ, ಸಾರಿ" ಎನ್ನತೊಡಗಿದೆ.

ಅಜ್ಜಿ ಹಿಂದೆ ತಿರುಗಿ ನೋಡಿ, ಮತ್ತೆ ಮುಂದೆ ನೋಡಿದರು. "ರಸ್ತೆ ನೋಡು, ಲವ್. ಸೀಟು ಎಲ್ಲಿಗೂ ಹೋಗುವುದಿಲ್ಲ."

ನಾನು ರಸ್ತೆ ನೋಡಿದೆ. ಒಂದು ರೌಂಡ್‌ಅಬೌಟ್, ಒಂದು ಶಾಲೆ, ಒಂದು ಇಳಿಜಾರು. ನನಗೆ ಎಲ್ಲಕ್ಕಿಂತ ನೆನಪಿರುವುದು ಅಜ್ಜಿಯ ಕಾಲುಗಳು. ಮಣ್ಣು ಮೆತ್ತಿದ ಚಪ್ಪಲಿಯ ಆ ಎರಡು ಕಾಲು ಇಡೀ ದಾರಿ ಅಲ್ಲಾಡಲಿಲ್ಲ. ಯಾವ ಬ್ರೇಕನ್ನೂ ಒತ್ತಲಿಲ್ಲ. ಪಕ್ಕದಲ್ಲಿ ಕೂತವರು ಹಾಗೆ ಸುಮ್ಮನಿದ್ದರೆ ರಸ್ತೆ ಎಷ್ಟು ಅಗಲವಾಗುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಹಿಂದಿರುಗಿದಾಗ ರಸ್ತೆಯಂಚು ಸ್ವಚ್ಛವಾಗಿತ್ತು. ಇವರು ಪಕ್ಕದ ಮನೆಯವರ ಅಂಗಳವನ್ನೂ ಅರ್ಧ ಗುಡಿಸಿದ್ದರು.

"ನಿಮ್ಮ ಹೆಂಡತಿ ನನ್ನ ಸೀಟು ಕೆಡಿಸಿದಳು," ಎಂದರು ಅಜ್ಜಿ. "ಇನ್ನು ಬೇರೆಯವರಿಗೆ ಮಾರುವ ಹಾಗಿಲ್ಲ. ನೀವೇ ತೆಗೆದುಕೊಳ್ಳಬೇಕು."

ಕಾಗದಪತ್ರಕ್ಕೆ ಸೋಮವಾರದವರೆಗೆ ಕಾಯಬೇಕಾಯಿತು. ಹೋಟೆಲ್ ಯಾಕೆ ಎಂದು ಅಜ್ಜಿ ತಮ್ಮ ಡ್ರೈವ್‌ವೇಯಲ್ಲೇ ಗಾಡಿಯೊಳಗೆ ಮಲಗಲು ಹೇಳಿದರು. ಶನಿವಾರ, ಭಾನುವಾರ ಬೆಳಿಗ್ಗೆ ಅವರು ನನಗೆ ರಿವರ್ಸ್ ಕಲಿಸಿದರು, ಮೋಟರ್‌ವೇಗೂ ಕರೆದೊಯ್ದರು. ನಾನು ಅವರಿಗೆ ಅವರದೇ ಹಳೆಯ ಒಲೆಯ ಮೇಲೆ ಉಪ್ಪಿಟ್ಟು ಮಾಡಿಕೊಟ್ಟೆ. ಒಗ್ಗರಣೆಗೆ ಹೊಗೆಯ ಅಲಾರಂ ಕೂಗಿತು. ಇವರು ಟವೆಲ್ ಬೀಸುತ್ತಾ ಓಡಾಡುವುದನ್ನು ಕಂಡು ಅಜ್ಜಿ ಕಣ್ಣೀರು ಬರುವಷ್ಟು ನಕ್ಕರು. ಹೊರಡುವಾಗ ಎರಡು ಕೀಲಿ ಕೊಟ್ಟರು, ಬೇರೆಬೇರೆ ಗೊಂಚಲಿನಲ್ಲಿ. ನನ್ನದರಲ್ಲಿ ಅವರು ಉಲ್ಲನ್ನಿನಲ್ಲಿ ಹೆಣೆದ ಒಂದು ಸಣ್ಣ ಹಳದಿ ನಿಂಬೆಹಣ್ಣು ನೇತಾಡುತ್ತಿತ್ತು. ಹಿಂದೆ ತಿರುವಿ ನೋಡಿದೆ. ಗಂಟು ಕಾಣಲಿಲ್ಲ.

ಸೋಮವಾರ ಸಿಡ್ನಿಯ ದಾರಿಯಲ್ಲಿ ಆಲ್ಬರಿಯವರೆಗೆ ಇವರು ಓಡಿಸಿದರು, ಅಲ್ಲೇ ಇಂಥ ಗಾಡಿಗಳು ತಂಗುವ ಒಂದು ಕ್ಯಾರವಾನ್ ಪಾರ್ಕಿನಲ್ಲಿ ಉಳಿದೆವು. ಮಂಗಳವಾರ ಬೆಳಿಗ್ಗೆ ನಾನು ಕೂತೆ. ಒಪ್ಪಂದವೆಂದರೆ ಹೋಲ್‌ಬ್ರೂಕ್ ಎಂಬ ಊರಿನಲ್ಲಿ ಇಳಿದು ಬದಲಾಯಿಸುವುದು. ಸಮುದ್ರದಿಂದ ಅಷ್ಟು ದೂರದ ಆ ಊರಿನ ಪಾರ್ಕಿನಲ್ಲಿ ಒಂದು ಸಬ್‌ಮರೀನ್ ಇದೆ. ಅದನ್ನು ನೋಡಬೇಕೆಂದು ಇವರು ವಾರದಿಂದ ಹೇಳುತ್ತಿದ್ದರು.

ಮೊದಲ ಹತ್ತು ನಿಮಿಷ ಇವರ ಬಲಗಾಲು ನೆಲವನ್ನು ಒತ್ತುತ್ತಿತ್ತು. "ಸಾವಕಾಶ," ಎಂದರು ಒಮ್ಮೆ. ನಾನು ರಸ್ತೆ ನೋಡಿದೆ. ಎರಡೂ ಬದಿಗೆ ಒಣಹುಲ್ಲಿನ ಗುಡ್ಡಗಳು, ಅಲ್ಲಲ್ಲಿ ಕುರಿ. ಸ್ವಲ್ಪ ಹೊತ್ತಿನ ಮೇಲೆ ಕಾಲಿನ ಸದ್ದು ನಿಂತಿತು, ಮಾತೂ ನಿಂತಿತು. ಅಜ್ಜಿ ಹೇಳಿದ್ದು ನೆನಪಾಗಿ ಗಾಡಿಯ ವೇಗ ತಗ್ಗಿಸಿದೆ. ಅಷ್ಟರಲ್ಲಿ ಗೊರಕೆ ಕೇಳಿಸಿತು.

ನಲವತ್ತು ವರ್ಷದ ಸಂಸಾರದಲ್ಲಿ ನಾನು ಓಡಿಸುವಾಗ ಇವರು ನಿದ್ದೆ ಹೋಗಿದ್ದು ಅದೇ ಮೊದಲು. ಬಾಯಿ ಸ್ವಲ್ಪ ತೆರೆದಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಹೋಲ್‌ಬ್ರೂಕಿನ ಬೋರ್ಡು ಬಂತು, ಹೋಯಿತು. ನಾನು ಎಬ್ಬಿಸಲಿಲ್ಲ. ನನಗೆ ಇದುವರೆಗೆ ಸಿಕ್ಕ ಎಲ್ಲಕ್ಕಿಂತ ದೊಡ್ಡ ಬಹುಮಾನವೆಂದರೆ ಆ ಗೊರಕೆ.

ಇಪ್ಪತ್ತು ಕಿಲೋಮೀಟರ್ ದಾಟಿದ ಮೇಲೆ ಕಣ್ಣು ಬಿಟ್ಟರು. "ಎಲ್ಲೆ ಬಂತು ಹೋಲ್‌ಬ್ರೂಕ್?"

"ಹಿಂದ ಹೋತ್ರಿ."

"ಸಬ್‌ಮರೀನ್?"

"ಅದೂ ಹೋತು."

ಕನ್ನಡಕ ಮೇಲೇರಿಸಿಕೊಂಡು ರಸ್ತೆ ನೋಡಿದರು. "ನಾಳೆ ಆಫೀಸ್ ಏನಿಲ್ಲಲ್ಲ ನಮಗ," ಎಂದರು. "ಹೊಳ್ಳಿ ಹೋಗೂಣೇನು? ನಿನಗ ಹೊಳ್ಳಿಸಾಕ ಬರ್ತದಲ್ಲ, ಇಷ್ಟ ದೊಡ್ಡ ಗಾಡಿ?"

"ಬರ್ತದ್ರಿ," ಎಂದೆ.

ಮುಂದಿನ ಎಕ್ಸಿಟ್ಟಿಗೆ ಇಂಡಿಕೇಟರ್ ಹಾಕಿದೆ. ಇವರು ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು, ಕಿಟಕಿಯ ಕಡೆ ತಿರುಗಿ ಕೂತರು.